ರೆಡ್‌ಕ್ರಾಸ್ ಡಾಕ್ಟರರ ಗುರುತಲ್ಲ!

ನಿಮ್ಮ ಬೀದಿಯ ಮೆಡಿಕಲ್ ಸ್ಟೋರಿನ ಬೋರ್ಡು ನೋಡಿ. ಡಾಕ್ಟರರ ಕಾರಿನ ಗಾಜು ನೋಡಿ. ಬಿಳಿ ನೆಲದ ಮೇಲೆ ಕೆಂಪು ಕ್ರಾಸ್! ವೈದ್ಯರ ಗುರುತೆಂದೇ ಜನ ನಂಬಿದ್ದಾರೆ. ಅಲ್ಲ. ಯುದ್ಧಭೂಮಿಯಲ್ಲಿ ಅದರ ಅರ್ಥ ಒಂದೇ: ಗುಂಡು ಹಾರಿಸಬೇಡ.

1859ರಲ್ಲಿ ಇಟಲಿಯ ಸೊಲ್ಫೆರಿನೊ ಕದನದ ಗಾಯಾಳುಗಳು ಆರೈಕೆಯಿಲ್ಲದೆ ನರಳುವುದನ್ನು ಹೆನ್ರಿ ಡ್ಯುನಾಂಟ್ ಎಂಬ ಸ್ವಿಸ್ ವ್ಯಾಪಾರಿ ಕಣ್ಣಾರೆ ಕಂಡ. ಅವನು ಹಚ್ಚಿದ ಕಿಡಿಯಿಂದ 1864ರ ಜಿನೀವಾ ಒಪ್ಪಂದ ಬಂತು, ಈ ಗುರುತು ಬಂತು. ಕೋವಿ ಹಿಡಿದವನೂ ಇದನ್ನು ಕಂಡರೆ ಕೈ ತಡೆಯಬೇಕು.

ನಮ್ಮಲ್ಲೂ 1960ರ ಕಾಯ್ದೆಯಿದೆ. ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಬಳಸುವಂತಿಲ್ಲ. ಕಾಯ್ದೆ ಬರೆದಾಗ ಇಟ್ಟ ದಂಡ ಎಷ್ಟು ಗೊತ್ತೆ? ಹೆಚ್ಚೆಂದರೆ 500 ರೂಪಾಯಿ! ಇಂದು ಒಂದು ಬೋರ್ಡು ಬರೆಸಲೂ ಸಾಲದು.

‘ಊರಿಗೆಲ್ಲ ಗೊತ್ತಿರುವ ಗುರುತು, ರೋಗಿಗೆ ಬೇಗ ಕಾಣುತ್ತೆ, ತಪ್ಪೇನು?’ ಎನ್ನುತ್ತೀರಿ. ನಮ್ಮ ಬೀದಿಯಲ್ಲಿ ಏನೂ ಆಗದಿರಬಹುದು. ಆದರೆ ಅಂಗಡಿ, ಕಾರು, ಸ್ಟಿಕ್ಕರು ಎಲ್ಲದರ ಮೇಲೂ ಇದನ್ನೇ ಕಂಡು ಬೆಳೆದ ಹುಡುಗ ನಾಳೆ ಸಿಪಾಯಿಯಾದರೆ, ಆ ಗುರುತಿಗೆ ಯಾಕೆ ಕೈ ತಡೆದಾನು?

ಪ್ರಥಮ ಚಿಕಿತ್ಸೆಗೆ ಹಸಿರು ನೆಲದ ಬಿಳಿ ಕ್ರಾಸ್ ಇದ್ದೇ ಇದೆ. ನಿಮ್ಮ ಡಾಕ್ಟರರಿಗೆ, ಅಂಗಡಿಯವರಿಗೆ ಹೋಗಿ ಹೇಳಿ. ಜಗಳ ಬೇಡ, ಮಸಿ ಬಳಿಯುವುದಂತೂ ಬೇಡವೇ ಬೇಡ. ಮುಂದಿನ ಸಲ ಬೋರ್ಡು ಬರೆಸುವಾಗ ಬಣ್ಣ ಬದಲಾಯಿಸಲಿ, ಸಾಕು.