ಷಾಗ್ರಿನ್: ಮುಖಭಂಗದ ಹೊತ್ತಿನ ಮಾತು



ಇಂಗ್ಲಿಷ್ ಕಾದಂಬರಿಗಳಲ್ಲಿ ‘ಷಾಗ್ರಿನ್’ ಎಂಬ ಪದ ಆಗಾಗ ಎದುರಾಗುತ್ತದೆ. ದುಃಖ ಎಂದೋ ಬೇಸರ ಎಂದೋ ಅರ್ಥ ಮಾಡಿಕೊಂಡು ಮುಂದಿನ ಸಾಲಿಗೆ ಹೋಗಿಬಿಡುವುದು ಸುಲಭ. ಹಾಗೆ ಹೋದರೆ ಆ ಸನ್ನಿವೇಶದ ಜೀವವೇ ಕೈತಪ್ಪುತ್ತದೆ ಎಂಬುದು ನನ್ನ ಅಳಲು.

ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಕಾದಂಬರಿಯಲ್ಲಿ ಈ ಭಾವಕ್ಕೆ ಒಪ್ಪುವ ಒಂದು ಘಟನೆಯಿದೆ. ಸಿರಿವಂತ ಡಾರ್ಸಿ ನಾಯಕಿ ಎಲಿಜಬೆತ್‌ಳನ್ನು ಮದುವೆಗೆ ಕೇಳಲು ಬರುತ್ತಾನೆ. ಒಪ್ಪಿಯೇ ಒಪ್ಪುತ್ತಾಳೆಂಬ ಭರವಸೆ ಅವನಿಗೆ. ಪ್ರೀತಿಯ ಮಾತಿನ ನಡುವೆಯೇ ಅವಳ ಮನೆತನ ತನ್ನ ಅಂತಸ್ತಿಗೆ ಸಾಲದು ಎಂಬುದನ್ನೂ ಆಡಿ ಮುಗಿಸುತ್ತಾನೆ. ಅವಳು ಖಡಾಖಂಡಿತವಾಗಿ ಆಗದು ಎನ್ನುತ್ತಾಳೆ. ಅಗ್ಗಿಷ್ಟಿಕೆಯ ಮೇಲಿನ ಕಟ್ಟೆಗೆ ಒರಗಿ ನಿಂತವನ ಮುಖ ಸಿಟ್ಟಿಗೆ ಬಿಳಿಚಿಕೊಳ್ಳುತ್ತದೆ. ಸಾವರಿಸಿಕೊಳ್ಳುವವರೆಗೂ ಅವನು ತುಟಿ ಬಿಚ್ಚುವುದಿಲ್ಲ. ಆಸೆ ಕೈಗೂಡಲಿಲ್ಲ ಎಂಬ ನೋವು ಒಂದು ಕಡೆ. ಇಷ್ಟು ಬೀಗಿದ್ದು ಅವಳ ಕಣ್ಣೆದುರೇ ಮಣ್ಣುಪಾಲಾಯಿತಲ್ಲ ಎಂಬ ಉರಿ ಇನ್ನೊಂದು ಕಡೆ. ಎರಡೂ ಕೂಡಿದ್ದೇ ಷಾಗ್ರಿನ್.

ಪದ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ. ಅಲ್ಲಿ ಅದಕ್ಕೆ ದುಃಖ ಎಂಬ ಅರ್ಥ ಇವತ್ತಿಗೂ ಉಂಟು. ಅದೇ ಉಚ್ಚಾರದ ಇನ್ನೊಂದು ಪದ ಕುದುರೆ, ಕತ್ತೆಗಳ ಪೃಷ್ಠಭಾಗದ ಒರಟು ತೊಗಲಿನ ಹೆಸರು. ಅದು ತುರ್ಕಿ ಮೂಲದ್ದು. ಹಸಿ ತೊಗಲಿಗೆ ಸಣ್ಣ ಗಟ್ಟಿ ಬೀಜಗಳನ್ನು ಒತ್ತಿ, ಒಣಗಿಸಿ ಕೊಡವಿ, ಅದರ ಮೈತುಂಬ ಹರಳು ಹರಳು ಏಳುವಂತೆ ಹದ ಮಾಡುತ್ತಿದ್ದರು. ಫ್ರೆಂಚ್ ಕಾದಂಬರಿಕಾರ ಬಾಲ್ಜಾಕ್ 1831ರ ತನ್ನ ಕಾದಂಬರಿಯ ಹೆಸರಿನಲ್ಲಿ ಈ ಎರಡು ಅರ್ಥಗಳನ್ನೂ ಹೆಣೆದಿದ್ದಾನೆ. ಅಲ್ಲಿ ನಾಯಕನ ಒಂದೊಂದು ಬಯಕೆ ಈಡೇರಿದಂತೆಲ್ಲ ಮಾಯದ ತೊಗಲು ಕುಗ್ಗುತ್ತದೆ, ಜೊತೆಗೇ ಅವನ ಆಯುಸ್ಸೂ.

ಇಂಗ್ಲಿಷಿನವರು ಮಾತ್ರ ಈ ಪದವನ್ನು ಅಭಿಮಾನಕ್ಕೆ ಬಿದ್ದ ಪೆಟ್ಟಿಗೇ ಮೀಸಲಿಟ್ಟರು. ಹತ್ತಿರದವರು ತೀರಿಕೊಂಡ ಸಂಕಟಕ್ಕೆ ಇವತ್ತು ಇದನ್ನು ಬಳಸಿದರೆ ಆಭಾಸವಾಗುತ್ತದೆ. ಬರಿಯ ಅಚ್ಚರಿಗೂ ಇದು ಒಗ್ಗದು. ಗೆದ್ದೇ ಗೆಲ್ಲುವೆನೆಂದು ಊರೆಲ್ಲ ಸಾರಿದವನು ಸೋತಾಗ, ಮೆಚ್ಚುಗೆ ಬಯಸಿ ಹಾಡಿದವಳ ಮುಂದೆ ಸಭಿಕರು ಎದ್ದು ಹೋದಾಗ ಇದು ಸಲ್ಲುತ್ತದೆ.

ಇಲ್ಲಿ ಅನುವಾದಕ ಮಿತ್ರರೂ ಇಂಗ್ಲಿಷ್ ಕಲಿಸುವ ಮೇಷ್ಟರುಗಳೂ ಇದ್ದೀರಿ. ಈ ಪದ ಕಂಡಲ್ಲಿ ದಯವಿಟ್ಟು ನಿಘಂಟಿನ ಮೊದಲ ಅರ್ಥಕ್ಕೇ ನಿಲ್ಲಬೇಡಿ. ಆ ಪಾತ್ರ ಯಾರೆದುರು ಪೆಚ್ಚಾಯಿತು ಎಂಬುದನ್ನು ಹುಡುಕಿ, ಆಮೇಲೆ ಬರೆಯಿರಿ.