ಹಣಕ್ಕಿಂತ ಮೊದಲು ಮಣ್ಣಿನ ಲೆಕ್ಕ

ಹವಾಮಾನ ಬದಲಾವಣೆಯನ್ನು ಎದುರಿಸಲು ಬಡ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆಂದು ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟವು. ಅವರದೇ ಲೆಕ್ಕದ ಪ್ರಕಾರ ಅದು ಈಡೇರಿದ್ದು 2022ರಲ್ಲಿ. ಬಾಕು ಹವಾಮಾನ ಸಮ್ಮೇಳನದಲ್ಲಿ ಗುರಿ 30,000 ಕೋಟಿಗೆ ಏರಿತು, ಗಡುವು 2035ಕ್ಕೆ ಹೋಯಿತು. ಮೊತ್ತಕ್ಕಾಗಿ ಜಗಳವಾಡಲೇಬೇಕು, ಸರಿ. ಆದರೆ ಬಂದ ಹಣ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕಿನ ಯಾವ ಹೊಲದಲ್ಲಿ ಯಾವ ಕೆಲಸಕ್ಕೆ ಬೀಳಬೇಕೆಂಬುದು ಮೊದಲೇ ತಿಳಿದಿರಬೇಕು. ಕರ್ನಾಟಕ ಬೇರೆ ದೇಶಗಳಿಗೆ ಹೇಳಿಕೊಡಬಹುದಾದ ಪಾಠ ಇದೇ.

ವಿಶ್ವಬ್ಯಾಂಕ್ ನೆರವಿನಿಂದ 2012ರಲ್ಲಿ ಶುರುವಾದ ಸುಜಲಾ-3 ಜಲಾನಯನ ಯೋಜನೆಯಲ್ಲಿ ಕಲಬುರಗಿ ಜಿಲ್ಲೆಯೂ ಇತ್ತು. ಒಡ್ಡು ಹಾಕುವ ಮೊದಲು ಮಣ್ಣಿನ ಆಳ, ಇಳಿಜಾರು, ನೀರು ಹಿಡಿದಿಡುವ ಶಕ್ತಿ, ಪೋಷಕಾಂಶ ಎಲ್ಲವನ್ನೂ ಹೊಲವಾರು ಅಳೆದು ದಾಖಲಿಸಿದ್ದು ಅದರ ಹೆಚ್ಚುಗಾರಿಕೆ. ಇದೇಕೆ ಮುಖ್ಯ? ಆಳವಾದ ಎರೆಯಲ್ಲಿ ಮಳೆ ಜಾಸ್ತಿಯಾದರೆ ನೀರು ನಿಂತು ತೊಗರಿ ಬೇರು ಕೊಳೆಯುತ್ತದೆ. ತೆಳು ಮಣ್ಣಿನಲ್ಲಿ ಮಳೆ ಸ್ವಲ್ಪ ದಿನ ಕೈಕೊಟ್ಟರೂ ಬೆಳೆ ಬಾಡುತ್ತದೆ. ಮೊದಲನೆಯದಕ್ಕೆ ಬಸಿಗಾಲುವೆ ಬೇಕು, ಎರಡನೆಯದಕ್ಕೆ ಒಡ್ಡು, ಕೃಷಿಹೊಂಡ. ಎರಡೂ ಕಡೆ ಒಂದೇ ಅಂದಾಜುಪಟ್ಟಿ ಹಿಡಿದು ಹೋದರೆ ಬಿಲ್ಲು ಪಾಸಾಗುತ್ತದೆ, ಬೆಳೆ ಉಳಿಯುವುದಿಲ್ಲ. ಈ ಅನುಭವದ ಮೇಲೆಯೇ 2022ರಲ್ಲಿ ವಿಶ್ವಬ್ಯಾಂಕ್ ಜೊತೆ ‘ರಿವಾರ್ಡ್’ ಯೋಜನೆಯ ಒಪ್ಪಂದವಾಯಿತು: ಕರ್ನಾಟಕಕ್ಕೆ 6 ಕೋಟಿ ಡಾಲರ್, ಜೊತೆಗೆ ಒಡಿಶಾಕ್ಕೂ ಪಾಲು. ಇಲ್ಲಿ ಖರ್ಚಿನ ರಸೀದಿ ನೋಡಿ ಹಣ ಬರುವುದಿಲ್ಲ, ಫಲಿತಾಂಶ ಪರಿಶೀಲನೆಯಾದ ಮೇಲೆ ಬರುತ್ತದೆ.

ಹೊಲ ಅಳೆದರೆ ಪ್ರವಾಹ ನಿಲ್ಲುತ್ತದೆಯೇ ಎಂದು ಯಾರಾದರೂ ಕೇಳಬಹುದು. ನಿಲ್ಲುವುದಿಲ್ಲ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟು 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿಯ ದಂಡೆಯ ಹೊಲಗಳು ಮುಳುಗಿದವು. ಯಾವ ನಕ್ಷೆಯೂ ಅದನ್ನು ತಡೆಯುತ್ತಿರಲಿಲ್ಲ. ಅಂಥ ನಷ್ಟಕ್ಕೆ ಪರಿಹಾರ, ಬೆಳೆವಿಮೆ ಬೇಕು. ಬಡ ದೇಶಗಳು ಪಟ್ಟು ಹಿಡಿದು 2022ರಲ್ಲಿ ಈಜಿಪ್ಟ್‌ನಲ್ಲಿ ಒಪ್ಪಿಸಿದ ಹಾನಿ-ನಷ್ಟ ನಿಧಿ ಇರುವುದೂ ಇಂಥದ್ದಕ್ಕೇ. ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ರಿವಾರ್ಡ್ ಹಣ ದಾನವಲ್ಲ, ಸಾಲ. ಹೊಗೆ ಹೆಚ್ಚು ಉಗುಳಿದವರು ಬೇರೆ, ಅಸಲು ಬಡ್ಡಿ ಕಟ್ಟುವವರು ಬೇರೆ. ಈ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ. ಹಾಗೆಂದು ಅಳತೆ ಬೇಡವಾಗುವುದಿಲ್ಲ. ಸಾಲದ ಹಣವಾದರೆ ಪೋಲಾಗದಂತೆ ನೋಡಿಕೊಳ್ಳುವ ಅಗತ್ಯ ಇನ್ನೂ ಹೆಚ್ಚು. ಆದ್ದರಿಂದ ಕಲಿಯಲು ಬರುವ ದೇಶಗಳಿಗೆ ನಾವು ಮಣ್ಣಿನ ನಕ್ಷೆಯೊಂದಿಗೆ ಸಾಲದ ಷರತ್ತುಗಳನ್ನೂ ಬಿಚ್ಚಿ ತೋರಿಸಬೇಕು, ಯೋಜನೆ ಮುಗಿದ ಮೇಲೆ ಕೃಷಿಹೊಂಡದ ಹೂಳನ್ನು ಯಾರ ಖರ್ಚಿನಲ್ಲಿ ಎತ್ತಬೇಕೆಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ ಎಂದೂ ಹೇಳಬೇಕು.