ಕಾಡಿಗೂ ಒಂದು ಮಿತಿ



ಅಮೆರಿಕದ ಮಿನ್ನೆಸೋಟಾದ ಉತ್ತರ ಗಡಿಯಲ್ಲಿ ಸಾವಿರಕ್ಕೂ ಮಿಕ್ಕಿದ ಸರೋವರಗಳನ್ನು ಒಡಲಲ್ಲಿ ಧರಿಸಿದ ‘ಬೌಂಡರಿ ವಾಟರ್ಸ್’ ಅರಣ್ಯವಿದೆ. 1978ರ ಕಾಯಿದೆ ಅದರ ರಕ್ಷಣೆಯನ್ನು ಬಲಪಡಿಸಿತು. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಅಲ್ಲಿ ರಾತ್ರಿ ತಂಗುವ ದೋಣಿಯಾತ್ರಿಗಳಿಗೆ ಪ್ರತಿ ಪ್ರವೇಶದ್ವಾರದಲ್ಲೂ ದಿನಕ್ಕೆ ಇಂತಿಷ್ಟೇ ಪರವಾನಗಿ. ತಂಡವೊಂದಕ್ಕೆ 9 ಜನ, 4 ದೋಣಿಗಳ ಮಿತಿ.

ಮುಂಗಡ ಕಾಯ್ದಿರಿಸುವಿಕೆ ಜನವರಿಯ ಕೊನೆಯಲ್ಲಿಯೇ ತೆರೆಯುತ್ತದೆ. ಸರೋವರಗಳು ಹೆಪ್ಪುಗಟ್ಟಿರುವಾಗಲೇ ಬೇಸಿಗೆಯ ಯಾನವನ್ನು ಯೋಜಿಸಬೇಕು. ಪರ್ಯಾಯ ದಿನಾಂಕ, ದ್ವಾರಗಳನ್ನೂ ಗುರುತಿಸಿಕೊಳ್ಳಬೇಕು. ಹೋಗಲಾಗದವರು ಸಕಾಲದಲ್ಲಿ ರದ್ದುಪಡಿಸಿದರೆ ಆ ಅವಕಾಶ ಮತ್ತೊಬ್ಬರದಾಗುತ್ತದೆ.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ಜಂಗುಳಿ ಮಿತಿಮೀರಿದ ಬಳಿಕ ಕರ್ನಾಟಕವೂ ಆನ್‌ಲೈನ್ ನೋಂದಣಿ ಮತ್ತು ದಿನದ ಮಿತಿಯ ದಾರಿ ಹಿಡಿಯಿತು. ಇದನ್ನು ಕಿರುಕುಳವೆಂದು ದೂರುವವರಿದ್ದಾರೆ. ಆದರೆ ನೂರು ಜನ ತಾಳಿಕೊಳ್ಳಬಲ್ಲ ಹಾದಿಯನ್ನು ಸಾವಿರ ಜನ ತುಳಿದರೆ ಉಳಿಯುವುದು ಸವೆದ ಮಣ್ಣು ಮಾತ್ರ. ಸರದಿಗಾಗಿ ಕಾಯುವ ತಾಳ್ಮೆಯೂ ಅರಣ್ಯರಕ್ಷಣೆಯೇ.